ಆಳದ ವಾರ್ತೆ

ಬೇಸಿಗೆಯ ಮಧ್ಯಾಹ್ನ ಊರ ಬಾವಿಯಲ್ಲಿ ಈಜುವ ಹುಡುಗರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಮೇಲಿನ ಮೊಳದಷ್ಟು ನೀರು ಬೆಚ್ಚಗಿರುತ್ತದೆ. ಧುಮುಕಿ ಎರಡಾಳುದ್ದ ಕೆಳಗೆ ಹೋದರೆ ಮೈ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟವನಿಗೆ ಈ ಭೇದ ತಿಳಿಯದು. ಮುಳುಗಿದವನೇ ಅದನ್ನು ಬಲ್ಲ. ಬಾವಿಯ ಈ ಸಣ್ಣ ಸತ್ಯ ಸಮುದ್ರಕ್ಕೂ ಸಲ್ಲುತ್ತದೆ. ಆದರೆ ಅಲ್ಲಿ ಅಳತೆ ಬೇರೆ, ಪರಿಣಾಮ ಬೇರೆ. ಬಾವಿಯ ಆಳದ ತಂಪು ಈಜುವವನಿಗೆ ಒಂದು ಕ್ಷಣದ ನಡುಕವನ್ನು ತರುತ್ತದೆ. ಕಡಲಿನ ಆಳದ ಉಷ್ಣತೆಯಾದರೋ ದಡದ ಮೇಲೆ ವಾಸಿಸುವ ಲಕ್ಷಾಂತರ ಜನರ ಅಳಿವು ಉಳಿವಿನ ಪ್ರಶ್ನೆಯಾಗಬಲ್ಲದು.

ಭೂಮಿಯ ಮೇಲ್ಮೈಯ ಶೇಕಡಾ 71 ಭಾಗವನ್ನು ಸಮುದ್ರ ಆವರಿಸಿದೆ. ಸೂರ್ಯನ ತಾಪವನ್ನು ಮೊದಲು ಹೀರಿಕೊಳ್ಳುವುದು ಅದರ ಮೇಲ್ಪದರ. ಗಾಳಿಯೂ ಅಲೆಯೂ ಆ ಪದರವನ್ನು ಸದಾ ಕಲಕುತ್ತಿರುವುದರಿಂದ ಕೆಲವು ಹತ್ತು ಮೀಟರುಗಳವರೆಗೆ ಉಷ್ಣತೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಅದರ ಕೆಳಗೆ ಉಷ್ಣತೆ ಮೆಟ್ಟಿಲಿಳಿದಂತೆ ಬೇಗಬೇಗನೆ ಇಳಿಯುತ್ತದೆ. ಈ ಇಳಿಜಾರಿನ ಪದರಕ್ಕೆ ವಿಜ್ಞಾನಿಗಳು ಥರ್ಮೋಕ್ಲೈನ್ ಎಂದು ಹೆಸರಿಟ್ಟಿದ್ದಾರೆ. ಅದಕ್ಕೂ ಕೆಳಗೆ, ಬೆಳಕು ಎಂದೂ ಮುಟ್ಟದ ಎರಡು ಸಾವಿರ ಮೀಟರಿನ ಆಳದಲ್ಲಿ, ಸಮಭಾಜಕ ವೃತ್ತದ ಸಮೀಪದ ಸಮುದ್ರದ ನೀರು ಕೂಡ 4 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿರುತ್ತದೆ. ಶಾಖವನ್ನು ಕೂಡಿಡುವುದರಲ್ಲಿ ನೀರಿಗೆ ಸಮನಾದದ್ದು ಅಪರೂಪ. ಭೂಮಿಯ ವಾಯುಮಂಡಲವೆಲ್ಲ ಒಂದು ಡಿಗ್ರಿ ಬಿಸಿಯಾಗಲು ಎಷ್ಟು ಶಾಖ ಬೇಕೋ ಅಷ್ಟೂ ಶಾಖ ಸಮುದ್ರದ ಮೇಲಿನ ಎರಡೂವರೆ ಮೂರು ಮೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡುವುದಕ್ಕೇ ವೆಚ್ಚವಾಗುತ್ತದೆ. ಗಾಳಿ ಕೈಯಲ್ಲಿರುವ ಚಿಲ್ಲರೆ ಕಾಸಾದರೆ ಸಮುದ್ರ ನೆಲಮಾಳಿಗೆಯ ಹಗೇವು. ಆ ಹಗೇವಿನಲ್ಲಿ ಎಷ್ಟು ತುಂಬಿದೆಯೆಂಬುದನ್ನು ಮೇಲಿನ ಮುಚ್ಚಳವನ್ನು ನೋಡಿ ಹೇಳಲಾಗದು.

ಇಂದು ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಇಡೀ ಸಮುದ್ರದ ಮೇಲ್ಮೈಯ ಉಷ್ಣತೆಯನ್ನು ಅಳೆಯುತ್ತವೆ. ಅವುಗಳ ಸೇವೆ ದೊಡ್ಡದು. ಆದರೆ ಅವು ಕಾಣುವುದು ಕಡಲಿನ ಚರ್ಮವನ್ನು ಮಾತ್ರ. ಒಂದು ಮಿಲಿಮೀಟರಿನಷ್ಟೋ ಅದಕ್ಕಿಂತ ಕಡಿಮೆಯೋ ದಪ್ಪದ ಪದರವನ್ನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯ ಮಾತು ಇಲ್ಲಿ ಅಕ್ಷರಶಃ ನಿಜ. ಎರಡು ಕಡೆ ಮೇಲ್ಮೈ ಉಷ್ಣತೆ ಒಂದೇ ಆಗಿ 29 ಡಿಗ್ರಿ ಇರಬಹುದು. ಒಂದು ಕಡೆ ಆ ಬಿಸಿನೀರು ಮೂವತ್ತು ಮೀಟರಿಗೆ ಮುಗಿದು ಹೋಗಬಹುದು, ಇನ್ನೊಂದು ಕಡೆ ನೂರು ಮೀಟರಿನ ಆಚೆಗೂ ಇಳಿದಿರಬಹುದು. ಈ ಅಂತರವನ್ನು ಅರಿಯಬೇಕಾದರೆ ಯಾರಾದರೂ ಮುಳುಗಲೇಬೇಕು. ಮನುಷ್ಯ ಮುಳುಗಲಾರದ ಕಡೆ ಅವನ ಪರವಾಗಿ ಮುಳುಗಲು ಒಂದು ಉಪಕರಣ ಬೇಕು.

ಅಂತಹ ಉಪಕರಣಕ್ಕಾಗಿ ನಡೆದ ಪ್ರಯತ್ನದ ಕಥೆ ದೀರ್ಘವಾದುದು. 1872ರಿಂದ 1876ರವರೆಗೆ ಲೋಕವನ್ನು ಸುತ್ತಿದ ಚಾಲೆಂಜರ್ ಎಂಬ ಬ್ರಿಟಿಷ್ ಹಡಗಿನ ವಿಜ್ಞಾನಿಗಳು ಉಷ್ಣಮಾಪಕಗಳನ್ನು ಹಗ್ಗಕ್ಕೆ ಕಟ್ಟಿ ಆಳಕ್ಕೆ ಇಳಿಬಿಡುತ್ತಿದ್ದರು. ಕಿಲೋಮೀಟರುಗಟ್ಟಲೆ ಹಗ್ಗವನ್ನು ಇಳಿಸಿ, ಮತ್ತೆ ಎಳೆದುಕೊಳ್ಳುವಷ್ಟರಲ್ಲಿ ಗಂಟೆಗಳೇ ಕಳೆದುಹೋಗುತ್ತಿದ್ದವು. ಅಲ್ಲಿಯವರೆಗೆ ಹಡಗು ನಿಂತಲ್ಲೇ ನಿಂತಿರಬೇಕಾಗಿತ್ತು. ಮೇಲೆ ಬರುವಾಗ ಬೆಚ್ಚಗಿನ ನೀರನ್ನು ಹಾದುಬಂದ ಉಷ್ಣಮಾಪಕ ಆಳದಲ್ಲಿ ಕಂಡದ್ದನ್ನು ಮರೆತುಬಿಡುವ ಅಪಾಯವೂ ಇತ್ತು. 1874ರಲ್ಲಿ ಲಂಡನ್ನಿನ ಉಪಕರಣ ತಯಾರಕರಾದ ನೆಗ್ರೆಟ್ಟಿ ಮತ್ತು ಝಾಂಬ್ರಾ ಇದಕ್ಕೊಂದು ಉಪಾಯ ಕಂಡುಹಿಡಿದರು. ಬೇಕಾದ ಆಳದಲ್ಲಿ ಉಷ್ಣಮಾಪಕವನ್ನು ತಲೆಕೆಳಗು ಮಾಡಿದರೆ ಅದರ ಪಾದರಸದ ಎಳೆ ತುಂಡಾಗಿ, ಆ ಕ್ಷಣದ ಉಷ್ಣತೆ ಹಾಗೆಯೇ ಉಳಿಯುವಂತೆ ಅದನ್ನು ರಚಿಸಿದರು. ಆಳದ ಸಾಕ್ಷ್ಯ ಹೀಗೆ ಕೆಡದೆ ಮೇಲೆ ಬರುವಂತಾಯಿತು. ಆದರೂ ಹಡಗು ನಿಲ್ಲಬೇಕಾದ ತೊಂದರೆ ತಪ್ಪಲಿಲ್ಲ.

ಮುಂದಿನ ಹೆಜ್ಜೆಗೆ ಪ್ರೇರಣೆ ಒದಗಿದ್ದು ಯುದ್ಧದ ಭಯದಿಂದ. 1930ರ ದಶಕದಲ್ಲಿ ಕ್ಯೂಬಾದ ಸಮೀಪದ ಕಡಲಿನಲ್ಲಿ ಅಮೆರಿಕದ ನೌಕಾಪಡೆ ಜಲಾಂತರ್ಗಾಮಿಗಳನ್ನು ಶಬ್ದದ ಮೂಲಕ ಪತ್ತೆಹಚ್ಚುವ ಅಭ್ಯಾಸವನ್ನು ನಡೆಸುತ್ತಿತ್ತು. ಬೆಳಗಿನ ಹೊತ್ತು ಚೆನ್ನಾಗಿ ಕೆಲಸ ಮಾಡುತ್ತಿದ್ದ ಯಂತ್ರ ಮಧ್ಯಾಹ್ನವಾಗುತ್ತಲೇ ಕಿವುಡಾಗುತ್ತಿತ್ತು. ಊಟದ ಮಂಪರಿನಲ್ಲಿ ಕೇಳುಗರೇ ತೂಕಡಿಸುತ್ತಿರಬಹುದೆಂದು ಕೆಲವರು ಶಂಕಿಸಿದರೆಂದು ಹೇಳುತ್ತಾರೆ. ದೋಷ ಕೇಳುಗರದಾಗಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ಮೇಲ್ಪದರದಲ್ಲಿ ಶಬ್ದ ವೇಗವಾಗಿಯೂ ಕೆಳಗಿನ ತಂಪು ನೀರಿನಲ್ಲಿ ನಿಧಾನವಾಗಿಯೂ ಚಲಿಸುವುದರಿಂದ ಅದರ ದಾರಿ ಕೆಳಮುಖವಾಗಿ ಬಾಗುತ್ತಿತ್ತು. ಎದುರಿಗಿದ್ದ ಜಲಾಂತರ್ಗಾಮಿ ಶಬ್ದದ ನೆರಳಿನಲ್ಲಿ ಅಡಗಿಬಿಡುತ್ತಿತ್ತು. ಉಷ್ಣತೆ ಯಾವ ಆಳದಲ್ಲಿ ಎಷ್ಟಿದೆಯೆಂಬುದನ್ನು ತಿಳಿಯದೆ ಈ ತೊಡಕು ಬಿಡಿಸುವಂತಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ಅಥೆಲ್‌ಸ್ಟನ್ ಸ್ಪಿಲ್‌ಹಾಸ್ ಎಂಬ ತರುಣ ವಿಜ್ಞಾನಿ 1938ರ ಸುಮಾರಿಗೆ ಇದಕ್ಕೆ ತಕ್ಕ ಉಪಕರಣವನ್ನು ಸಿದ್ಧಪಡಿಸಿದನು. ಅದರ ಹೆಸರು ಬ್ಯಾತಿಥರ್ಮೋಗ್ರಾಫ್. ಗ್ರೀಕ್ ಮೂಲದ ಈ ಪದಕ್ಕೆ 'ಆಳದ ಶಾಖವನ್ನು ಬರೆಯುವಂಥದು' ಎಂದು ಅರ್ಥ. ಮಸಿ ಹಿಡಿಸಿದ ಗಾಜಿನ ತುಣುಕಿನ ಮೇಲೆ ಸಣ್ಣ ಮೊನೆಯೊಂದು ಗೀಚುತ್ತ ಹೋಗಿ, ಆಳಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಒಂದು ವಕ್ರರೇಖೆಯಾಗಿ ಬರೆದಿಡುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಹಡಗುಗಳಲ್ಲಿಯೂ ಜಲಾಂತರ್ಗಾಮಿಗಳಲ್ಲಿಯೂ ಬಳಕೆಗೆ ಬಂತು.

1960ರ ದಶಕದಲ್ಲಿ ಒಂದು ದಿಟ್ಟ ಆಲೋಚನೆ ಮೂಡಿತು. ಉಪಕರಣವನ್ನು ಮರಳಿ ಎಳೆದುಕೊಳ್ಳಲೇಬೇಕೆಂಬ ಹಟವೇಕೆ? ಅದು ಹೋಗಿ ಬರಬೇಕಾದುದಿಲ್ಲ. ಕಂಡದ್ದನ್ನು ಹೇಳಿದರೆ ಸಾಕು. ಹೀಗೆ ಒಂದೇ ಬಾರಿ ಬಳಸಿ ಬಿಟ್ಟುಬಿಡುವ ಬ್ಯಾತಿಥರ್ಮೋಗ್ರಾಫ್ ಹುಟ್ಟಿತು. ಅದರ ಮೂತಿಯಲ್ಲಿ ಉಷ್ಣತೆಗೆ ತಕ್ಕಂತೆ ವಿದ್ಯುತ್ತಿನ ತಡೆಯನ್ನು ಬದಲಿಸುವ ಥರ್ಮಿಸ್ಟರ್ ಎಂಬ ಸಣ್ಣ ಮಣಿಯಿರುತ್ತದೆ. ಕೂದಲೆಳೆಯಂಥ ತಾಮ್ರದ ತಂತಿ ಅದನ್ನು ಹಡಗಿಗೆ ಜೋಡಿಸಿರುತ್ತದೆ. ತಂತಿಯ ಒಂದು ಸುರುಳಿ ಉಪಕರಣದಲ್ಲಿ, ಮತ್ತೊಂದು ಸುರುಳಿ ಹಡಗಿನಲ್ಲಿ. ಒಂದು ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಹಡಗು ಸಾಗಿದಂತೆ ಅಡ್ಡಕ್ಕೆ ಬಿಚ್ಚಿಕೊಳ್ಳುತ್ತದೆ. ಎರಡರ ನಡುವೆ ಜಗ್ಗಾಟವಿಲ್ಲ. ಹಡಗು ನಿಲ್ಲಬೇಕಾಗಿಯೂ ಇಲ್ಲ. ಕೊನೆಗೆ ತಂತಿ ಹರಿದಾಗ ಉಪಕರಣದ ಕೆಲಸ ಮುಗಿಯಿತು.

ಹಡಗಿಗೆ ಮಾತ್ರ ಒಂದು ಮಿತಿಯಿದೆ. ಅದು ನಿಧಾನವಾಗಿ ಸಾಗುತ್ತದೆ. ಬಿರುಗಾಳಿಯ ಸುದ್ದಿ ಬಂದೊಡನೆ ವಿವೇಕಿಯಾದ ನಾವಿಕ ಹಡಗನ್ನು ಬೇರೆ ದಿಕ್ಕಿಗೆ ತಿರುಗಿಸುತ್ತಾನೆ. ಎಲ್ಲಿ ಅಳತೆ ಅತ್ಯಗತ್ಯವೋ ಅಲ್ಲಿಗೆ ಹೋಗಬಾರದೆಂಬುದೇ ಹಡಗಿನ ಧರ್ಮ. ಈ ಕೊರತೆಯನ್ನು ತುಂಬಲು ವಿಮಾನ ಬಂದಿತು. ಜಲಾಂತರ್ಗಾಮಿಗಳ ಸದ್ದನ್ನು ಆಲಿಸಲು ವಿಮಾನಗಳಿಂದ ಬೀಳಿಸುತ್ತಿದ್ದ ತೇಲುಕೊಳವೆಗಳು ಆಗಲೇ ಬಳಕೆಯಲ್ಲಿದ್ದವು. ಅದೇ ಅಳತೆಯ ಕೊಳವೆಯೊಳಗೆ ಬ್ಯಾತಿಥರ್ಮೋಗ್ರಾಫನ್ನು ಕೂರಿಸಲಾಯಿತು. ಸುಮಾರು 91 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಡ್ಡಗಲ. ನೋಡುವುದಕ್ಕೆ ಬಿಸಿಲಮಚ್ಚಿನಿಂದ ಇಳಿಬಿದ್ದ ಮಳೆನೀರಿನ ಕೊಳವೆಯ ತುಂಡಿನಂತೆ ಸಾಧಾರಣವಾದ ವಸ್ತು. ಆದರೆ ಅದರ ಕೆಲವೇ ನಿಮಿಷಗಳ ಬಾಳು ಅಸಾಧಾರಣವಾದುದು.

ವಿಮಾನದಿಂದ ಹೊರಬಿದ್ದ ಕೊಳವೆಯ ಹಿಂದೆ ಒಂದು ಸಣ್ಣ ಪ್ಯಾರಾಚೂಟು ಬಿಚ್ಚಿಕೊಳ್ಳುತ್ತದೆ. ಬೀಳುವ ರಭಸ ಅದರಿಂದ ತಗ್ಗಿ, ನೀರಿಗೆ ತಾಗುವಾಗ ಒಳಗಿನ ಸೂಕ್ಷ್ಮ ಭಾಗಗಳು ಒಡೆಯದೆ ಉಳಿಯುತ್ತವೆ. ನೀರನ್ನು ಮುಟ್ಟಿದೊಡನೆ ಒಂದು ಚೀಲ ಅನಿಲದಿಂದ ಉಬ್ಬಿ ಮೇಲೆ ತೇಲುತ್ತದೆ. ಅದರಿಂದ ಒಂದು ಆಂಟೆನಾ ನೆಟ್ಟಗೆ ನಿಂತು, ಪುಟ್ಟ ರೇಡಿಯೋ ಪ್ರಸಾರಕ ಮಾತನಾಡಲು ಸಿದ್ಧವಾಗುತ್ತದೆ. ಅರ್ಧ ನಿಮಿಷದಷ್ಟು ಕಾಲ ಕಳೆದ ಮೇಲೆ ಅಳೆಯುವ ಶಲಾಕೆ ಕೊಳವೆಯಿಂದ ಕಳಚಿಕೊಂಡು, ತೆಳುವಾದ ತಂತಿಯನ್ನು ಬಿಚ್ಚುತ್ತ, ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ವೇಗದಲ್ಲಿ ಆಳಕ್ಕೆ ಇಳಿಯತೊಡಗುತ್ತದೆ. ಮೂನ್ನೂರು ಮೀಟರ್ ಇಳಿಯುವ ಬಗೆಯದಕ್ಕೆ ಮೂರು ನಿಮಿಷಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಎಂಟುನೂರು ಮೀಟರ್ ಇಳಿಯುವ ಬಗೆಯದಕ್ಕೆ ಒಂಬತ್ತು ನಿಮಿಷಗಳಷ್ಟು.

ಈ ಉಪಕರಣ ತಾನು ಕಂಡದ್ದನ್ನು ಹೇಳುವ ರೀತಿ ಸೊಗಸಾದುದು. ಅದು ಅಂಕಿಗಳನ್ನು ಕಳುಹಿಸುವುದಿಲ್ಲ. ಒಂದು ಸ್ವರವನ್ನು ಹಿಡಿದು ಹಾಡುತ್ತದೆ. ಸೊನ್ನೆ ಡಿಗ್ರಿಯ ನೀರಿನಲ್ಲಿ ಅದರ ಸ್ವರಕ್ಕೆ ಸೆಕೆಂಡಿಗೆ 1440 ಕಂಪನಗಳು. ಉಷ್ಣತೆ ಒಂದು ಡಿಗ್ರಿ ಏರಿದರೆ ಕಂಪನ 36ರಷ್ಟು ಹೆಚ್ಚುತ್ತದೆ. ಮೇಲ್ಮೈ ನೀರು 28 ಡಿಗ್ರಿ ಇದ್ದರೆ 2448 ಕಂಪನಗಳ ಸ್ವರ ಕೇಳಿಸುತ್ತದೆ. ಶಲಾಕೆ 10 ಡಿಗ್ರಿಯ ತಂಪಿಗೆ ಇಳಿದಾಗ ಅದು 1800ಕ್ಕೆ ತಗ್ಗುತ್ತದೆ. ಮೇಲೆ ಹಾರುತ್ತಿರುವ ವಿಮಾನದಲ್ಲಿ ಕುಳಿತವನ ಕಿವಿಗೆ ಇದು ಗಾಯಕನೊಬ್ಬ ನಿಧಾನವಾಗಿ ಅವರೋಹಣ ಮಾಡಿದಂತೆ ಕೇಳಿಸುತ್ತದೆ. ಬೆಚ್ಚಗಿನ ಪದರ ಇರುವವರೆಗೆ ಸ್ವರ ಕದಲದೆ ನಿಲ್ಲುತ್ತದೆ. ಪದರ ಮುಗಿದೊಡನೆ ಜಾರತೊಡಗುತ್ತದೆ. ಎಷ್ಟು ಹೊತ್ತು ನಿಂತಿತು, ಎಲ್ಲಿ ಜಾರಿತು ಎಂಬುದರಲ್ಲಿಯೇ ಆಳದ ವಾರ್ತೆಯೆಲ್ಲ ಅಡಗಿದೆ. ಗಣಕಯಂತ್ರ ಆ ಸ್ವರವನ್ನು ಅಂಕಿಗಳಾಗಿ ಬಿಡಿಸಿ ಬರೆದುಕೊಳ್ಳುತ್ತದೆ. ಹಾಡು ಮುಗಿದ ಮೇಲೆ ತೇಲುಚೀಲವೂ ಮುಳುಗಿಹೋಗುತ್ತದೆ.

ಇಷ್ಟು ಶ್ರಮಪಟ್ಟು ಈ ವಾರ್ತೆಯನ್ನು ಪಡೆಯುವುದೇತಕ್ಕೆ? ಉತ್ತರ ಚಂಡಮಾರುತದಲ್ಲಿದೆ. ಚಂಡಮಾರುತಕ್ಕೆ ಆಹಾರ ಬೆಚ್ಚಗಿನ ಕಡಲು. ಮೇಲ್ಮೈ ನೀರು ಸುಮಾರು 26 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅದರಿಂದ ಏಳುವ ಆವಿ ಬಿರುಗಾಳಿಗೆ ಬಲವನ್ನು ಒದಗಿಸುತ್ತದೆ. ಆದರೆ ಬಿರುಗಾಳಿ ತಾನು ಉಣ್ಣುವ ತಟ್ಟೆಯನ್ನು ತಾನೇ ಕಲಕುತ್ತದೆ. ಕಡೆಗೋಲಿನಂತೆ ಅದು ಸಮುದ್ರವನ್ನು ಮಥಿಸುವಾಗ ಕೆಳಗಿನ ನೀರು ಮೇಲಕ್ಕೆ ಬರುತ್ತದೆ. ಬಿಸಿಪದರ ತೆಳುವಾಗಿದ್ದರೆ ಮಥನದಿಂದ ತಣ್ಣೀರೇ ಮೇಲೆದ್ದು ಬಿರುಗಾಳಿಯ ಹಸಿವಿಗೆ ಅನ್ನ ಸಿಗದೆ ಅದು ಸೊರಗುತ್ತದೆ. ಪದರ ದಪ್ಪವಾಗಿದ್ದರೆ ಎಷ್ಟು ಕಡೆದರೂ ಮೇಲೆ ಬರುವುದು ಬಿಸಿನೀರೇ. ಬಿರುಗಾಳಿ ಆಗ ಉಂಡಷ್ಟೂ ಬೆಳೆಯುತ್ತದೆ. ಸಮುದ್ರಮಥನದಲ್ಲಿ ಅಮೃತವೂ ಹುಟ್ಟಿತು, ಹಾಲಾಹಲವೂ ಹುಟ್ಟಿತು. ಈ ಮಥನದಲ್ಲಿ ಏನು ಹುಟ್ಟುತ್ತದೆಂಬುದು ಆಳದಲ್ಲಿರುವ ನೀರನ್ನು ಅವಲಂಬಿಸಿದೆ.

1995ರ ಅಕ್ಟೋಬರಿನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ನಡೆದ ಘಟನೆ ಇದಕ್ಕೆ ನಿದರ್ಶನ. ಅಟ್ಲಾಂಟಿಕ್ ಸಾಗರದ ಚಂಡಮಾರುತಗಳನ್ನು ಹರಿಕೇನ್ ಎನ್ನುತ್ತಾರೆ. ಓಪಲ್ ಎಂಬ ಹರಿಕೇನ್ ಆ ಕೊಲ್ಲಿಯನ್ನು ದಾಟಿ ಅಮೆರಿಕದ ಫ್ಲಾರಿಡ ರಾಜ್ಯದ ಕಡೆಗೆ ಸಾಗುತ್ತಿತ್ತು. ಕರಾವಳಿಯ ಜನ ರಾತ್ರಿ ಮಲಗುವಾಗ ಇದ್ದ ಬಿರುಗಾಳಿಯೇ ಬೇರೆ, ಅಕ್ಟೋಬರ್ 4ರ ಬೆಳಗ್ಗೆ ಅವರು ಎದ್ದಾಗ ಇದ್ದದ್ದೇ ಬೇರೆ. ಕೇವಲ 14 ಗಂಟೆಗಳಲ್ಲಿ ಅದರ ಕೇಂದ್ರದ ಒತ್ತಡ 965 ಮಿಲಿಬಾರಿನಿಂದ 916 ಮಿಲಿಬಾರಿಗೆ ಕುಸಿದಿತ್ತು. ಗಾಳಿಯ ವೇಗ ಗಂಟೆಗೆ 240 ಕಿಲೋಮೀಟರಿಗೆ ಏರಿತ್ತು. ಗಾಬರಿಗೊಂಡ ಜನ ಒಮ್ಮೆಲೇ ವಾಹನಗಳನ್ನೇರಿ ಹೊರಟದ್ದರಿಂದ ಹೆದ್ದಾರಿಗಳು ತುಂಬಿಹೋದವು. ಬಿರುಗಾಳಿ ಸಮೀಪಿಸುತ್ತಿದ್ದರೂ ಎಷ್ಟೋ ಸಂಸಾರಗಳು ರಸ್ತೆಯಲ್ಲಿಯೇ ಸಿಕ್ಕಿಕೊಂಡವು. ದಡ ಮುಟ್ಟುವ ಮುನ್ನ ಓಪಲ್ ಸ್ವಲ್ಪ ಶಕ್ತಿಗುಂದಿತು. ಹಾಗಾಗದಿದ್ದರೆ ಆ ರಸ್ತೆಗಳ ಮೇಲೆ ಏನಾಗುತ್ತಿತ್ತೆಂಬುದನ್ನು ಊಹಿಸುವುದೂ ಕಷ್ಟ.

ಒಂದೇ ರಾತ್ರಿಯಲ್ಲಿ ಅಷ್ಟು ಬಲ ಅದಕ್ಕೆ ಎಲ್ಲಿಂದ ಬಂತು? ಬೇಸಿಗೆಯ ಕೊನೆಗೆ ಮೆಕ್ಸಿಕೋ ಕೊಲ್ಲಿಯ ಮೇಲ್ಮೈಯೆಲ್ಲ ಸುಮಾರಾಗಿ ಒಂದೇ ತೆರನಾಗಿ ಬಿಸಿಯಾಗಿರುತ್ತದೆ. ಆದರೆ ಕೆರಿಬಿಯನ್ ಸಮುದ್ರದಿಂದ ಬರುವ ಬಿಸಿನೀರಿನ ಪ್ರವಾಹವೊಂದು ಆ ಕೊಲ್ಲಿಯೊಳಗೆ ಬಳೆಯಂತೆ ಬಾಗಿ ಹರಿಯುತ್ತದೆ. ಆಗಾಗ ಅದರಿಂದ ನೂರಾರು ಕಿಲೋಮೀಟರ್ ಅಗಲದ ಸುಳಿಗಳು ಕಳಚಿಕೊಂಡು ಪಶ್ಚಿಮಕ್ಕೆ ತೇಲಿ ಹೋಗುತ್ತವೆ. ಅಂತಹ ಸುಳಿಗಳೊಳಗೆ ಬಿಸಿಪದರ ನೂರು ಮೀಟರಿಗೂ ಮೀರಿದ ಆಳಕ್ಕೆ ಇಳಿದಿರುತ್ತದೆ. ಓಪಲ್ ಹಾದುಹೋದದ್ದು ಇಂತಹ ಒಂದು ಸುಳಿಯ ಮೇಲೆ. ಬಿಸಿನೀರು ಹಿಗ್ಗುವುದರಿಂದ ಸುಳಿಯ ಮೇಲ್ಮೈ ಸುತ್ತಲಿನ ಕಡಲಿಗಿಂತ ಒಂದಿಷ್ಟು ಉಬ್ಬಿರುತ್ತದೆ. ಸಮುದ್ರದ ಎತ್ತರವನ್ನು ಅಳೆಯುವ ಉಪಗ್ರಹ ಆ ಉಬ್ಬನ್ನು ಗುರುತಿಸಿತ್ತು. ಉಬ್ಬನ್ನು ಕಂಡು ಆಳವನ್ನು ಊಹಿಸಬಹುದು; ಊಹೆಯನ್ನು ಒರೆಗೆ ಹಚ್ಚಬೇಕಾದರೆ ಮಾತ್ರ ನೀರಿನೊಳಗೆ ಇಳಿದ ಸಾಕ್ಷಿಯೇ ಬೇಕು.

ಹತ್ತು ವರ್ಷಗಳ ನಂತರ, 2005ರ ಆಗಸ್ಟ್ 28ರಂದು, ಕತ್ರೀನಾ ಎಂಬ ಹರಿಕೇನ್ ಅದೇ ಕೊಲ್ಲಿಯ ಬಿಸಿ ಪ್ರವಾಹದ ಮೇಲೆ ಹಾದು ಅತ್ಯುಗ್ರ ರೂಪವನ್ನು ತಾಳಿತು. ಮರುದಿನ ಅದು ದಡವನ್ನು ಅಪ್ಪಳಿಸಿದಾಗ ನ್ಯೂ ಆರ್ಲಿಯನ್ಸ್ ನಗರ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೆಪ್ಟೆಂಬರಿನಲ್ಲಿ ರೀಟಾ ಎಂಬ ಮತ್ತೊಂದು ಹರಿಕೇನ್ ಅದೇ ದಾರಿ ಹಿಡಿಯಿತು. ಆ ತಿಂಗಳು ವಿಜ್ಞಾನಿಗಳು ವಿಮಾನಗಳಿಂದ ಕೊಳವೆಗಳನ್ನು ಬೀಳಿಸಿ ಕೊಲ್ಲಿಯ ಆಳವನ್ನು ಪರೀಕ್ಷಿಸಿದರು. ಬಿರುಗಾಳಿಗಳು ಹಾದುಹೋದ ಮೇಲೆ ತಣ್ಣೀರಿನ ಸುಳಿಗಳ ಮೇಲ್ಪದರ 4 ಡಿಗ್ರಿಗೂ ಹೆಚ್ಚು ತಂಪಾಗಿತ್ತು. ಬಿಸಿ ಪ್ರವಾಹದಲ್ಲಿ ಮಾತ್ರ ಸುಮಾರು ಒಂದು ಡಿಗ್ರಿಯಷ್ಟೇ ಇಳಿದಿತ್ತು. ಎಷ್ಟು ಉಂಡರೂ ಬರಿದಾಗದ ಹಗೇವು ಯಾವುದೆಂಬುದು ಹೀಗೆ ಅಂಕಿಗಳಲ್ಲಿಯೇ ಸಿದ್ಧವಾಯಿತು.

ಕೊಳವೆ ತಾನಾಗಿ ಬಿರುಗಾಳಿಯೊಳಗೆ ಹೋಗುವುದಿಲ್ಲ. ಅದನ್ನು ಅಲ್ಲಿಗೆ ಒಯ್ಯುವ ಮನುಷ್ಯರಿದ್ದಾರೆ. 1943ರ ಜುಲೈ 27ರಂದು ಜೋಸೆಫ್ ಡಕ್ವರ್ತ್ ಎಂಬ ಅಮೆರಿಕದ ವಾಯುಪಡೆಯ ಅಧಿಕಾರಿ ತರಬೇತಿಯ ಸಣ್ಣ ವಿಮಾನವೊಂದನ್ನು ಟೆಕ್ಸಾಸ್ ಕರಾವಳಿಯ ಬಳಿ ಹರಿಕೇನಿನ ಕಣ್ಣಿನೊಳಗೆ ಹಾರಿಸಿ ಸುರಕ್ಷಿತವಾಗಿ ಮರಳಿದನು. ಅಂದಿನಿಂದ ಬಿರುಗಾಳಿಯೊಳಗೆ ಹಾರುವುದೇ ಒಂದು ವೃತ್ತಿಯಾಯಿತು. ಎಲ್ಲರೂ ಮರಳಲಿಲ್ಲ. 1955ರ ಸೆಪ್ಟೆಂಬರಿನಲ್ಲಿ ಜಾನೆಟ್ ಎಂಬ ಹರಿಕೇನಿನೊಳಗೆ ಹೋದ ನೌಕಾಪಡೆಯ ವಿಮಾನ ಅದರಲ್ಲಿದ್ದ 11 ಮಂದಿಯೊಡನೆ ಕಣ್ಮರೆಯಾಯಿತು. 1989ರ ಸೆಪ್ಟೆಂಬರ್ 15ರಂದು ಹ್ಯೂಗೋ ಎಂಬ ಹರಿಕೇನಿನ ಕಣ್ಣಿನ ಗೋಡೆಯಲ್ಲಿ ಸಂಶೋಧನಾ ವಿಮಾನವೊಂದರ ಎಂಜಿನ್ ಕೆಟ್ಟು, ಅದು ಕಡಲಿನಿಂದ 300 ಮೀಟರಿಗೂ ಕಡಮೆ ಎತ್ತರಕ್ಕೆ ಕುಸಿಯಿತು. ಚಾಲಕರ ಧೈರ್ಯದಿಂದ ಅದು ಕಣ್ಣಿನ ಶಾಂತ ವಲಯದಲ್ಲಿ ಸುತ್ತು ಹಾಕುತ್ತ ಮೇಲೇರಿ, ಮತ್ತೊಂದು ವಿಮಾನದ ನೆರವಿನಿಂದ ಹೊರಬಂತು. ಇಂದು ಮಿಸಿಸಿಪ್ಪಿ ರಾಜ್ಯದ ಬಿಲಾಕ್ಸಿಯಲ್ಲಿ ನೆಲೆ ಹೊಂದಿರುವ 53ನೆಯ ಹವಾಮಾನ ವೀಕ್ಷಣಾ ದಳ ಈ ಕೆಲಸವನ್ನು ನಡೆಸುತ್ತಿದೆ. 2011ರಿಂದ ನೌಕಾ ಅಕಾಡೆಮಿಯ ತರುಣ ವಿದ್ಯಾರ್ಥಿಗಳೂ ಈ ವಿಮಾನಗಳಲ್ಲಿ ಹಾರಿ, ಬಿರುಗಾಳಿಯ ಕೆಳಗಿನ ಕಡಲಿಗೆ ಕೊಳವೆಗಳನ್ನು ಬೀಳಿಸುವ ಕಾರ್ಯದಲ್ಲಿ ಭಾಗಿಗಳಾಗಿದ್ದಾರೆ. ಅವರು ತಂದ ಅಂಕಿಗಳು ಬಿರುಗಾಳಿಯ ಬಲವನ್ನು ಮುಂದಾಗಿ ಲೆಕ್ಕಹಾಕುವ ಗಣಕಗಳಿಗೆ ನೆರವಾಗುತ್ತವೆ.

ಮೇಲೆ ಬಿಸಿ, ಕೆಳಗೆ ತಂಪು ಎಂಬ ಬಾವಿಯ ನಿಯಮ ಎಲ್ಲ ಕಡಲಿಗೂ ಸಲ್ಲುವುದಿಲ್ಲ. ಗ್ರೀನ್‌ಲ್ಯಾಂಡಿನ ಸುತ್ತ ಅದು ತಲೆಕೆಳಗಾಗುತ್ತದೆ. ಅಲ್ಲಿ ಮೇಲೆ ತೇಲುವುದು ಹಿಮ ಕರಗಿ ಬಂದ, ಉಪ್ಪು ಕಡಮೆಯಾದ ತಣ್ಣೀರು. ಅದರ ಅಡಿಯಲ್ಲಿ ಅಟ್ಲಾಂಟಿಕ್ಕಿನಿಂದ ಬಂದ ಬೆಚ್ಚಗಿನ ನೀರು ಹರಿಯುತ್ತದೆ. ಹೆಚ್ಚು ಉಪ್ಪಿರುವುದರಿಂದ ಅದು ಬೆಚ್ಚಗಿದ್ದರೂ ಭಾರ. ಸಮುದ್ರದೊಳಕ್ಕೆ ಚಾಚಿಕೊಂಡ ಹಿಮನದಿಗಳ ಬುಡವನ್ನು ಈ ಅಡಗಿದ ಬಿಸಿನೀರು ಕೊರೆಯುತ್ತದೆ. ಮೇಲಿನಿಂದ ನೋಡುವವನಿಗೆ ಹಿಮದ ಗಡ್ಡೆಗಳು ತೇಲುವ ಶೀತಲ ಸಾಗರ. ಕೆಳಗೆ ಸದ್ದಿಲ್ಲದೆ ನಡೆದಿರುವ ಕರಗುವಿಕೆ. 2016ರಿಂದ 2021ರವರೆಗೆ ಅಮೆರಿಕದ ನಾಸಾ ಸಂಸ್ಥೆ ಗ್ರೀನ್‌ಲ್ಯಾಂಡಿನ ಸುತ್ತ ವಿಮಾನಗಳನ್ನು ಹಾರಿಸಿ ವರ್ಷಕ್ಕೆ ಸುಮಾರು 250ರಂತೆ ಇಂತಹ ಶಲಾಕೆಗಳನ್ನು ಬೀಳಿಸಿತು. ಉಷ್ಣತೆಯೊಡನೆ ಉಪ್ಪನ್ನೂ ಅಳೆಯಬಲ್ಲ ಶಲಾಕೆಗಳು ಅವು. ಎರಡು ದಶಕಗಳಿಂದ ವೇಗವಾಗಿ ಕರಗುತ್ತಿದ್ದ ಯಾಕೋಬ್ಸ್‌ಹಾವ್ನ್ ಹಿಮನದಿ 2016ರ ನಂತರ ಕೆಲಕಾಲ ನಿಧಾನಗೊಂಡದ್ದೇಕೆಂಬುದಕ್ಕೆ ಉತ್ತರ ನೀರಿನಲ್ಲಿಯೇ ದೊರೆಯಿತು: ಅದರ ಬುಡಕ್ಕೆ ಬರುತ್ತಿದ್ದ ನೀರು ಹಿಂದಿಗಿಂತ ತಂಪಾಗಿತ್ತು. ಹಿಮನದಿಯ ಭವಿಷ್ಯ ಆಕಾಶದ ಬಿಸಿಲನ್ನು ಮಾತ್ರ ಅವಲಂಬಿಸಿಲ್ಲ, ಕಡಲಿನ ಒಳಹರಿವನ್ನೂ ಅವಲಂಬಿಸಿದೆಯೆಂಬುದು ಇದರಿಂದ ಸ್ಪಷ್ಟವಾಯಿತು. ಗ್ರೀನ್‌ಲ್ಯಾಂಡಿನ ಹಿಮ ಕರಗಿದರೆ ಏರುವುದು ಲೋಕದ ಎಲ್ಲ ಕಡಲುಗಳ ಮಟ್ಟ.

ಭಾರತದ ಎರಡು ಬದಿಯ ಕಡಲುಗಳಲ್ಲಿಯೂ ಆಳದ ವಾರ್ತೆಗೆ ಇಷ್ಟೇ ಬೆಲೆಯಿದೆ. ಗಂಗಾ, ಬ್ರಹ್ಮಪುತ್ರಾ, ಗೋದಾವರಿ ಮತ್ತು ಕರ್ನಾಟಕವನ್ನು ಹಾದುಬರುವ ಕೃಷ್ಣೆ ಕಾವೇರಿಯರು ಬಂಗಾಳ ಕೊಲ್ಲಿಗೆ ಸಿಹಿನೀರನ್ನು ಸುರಿಯುತ್ತವೆ. ಹಗುರವಾದ ಆ ನೀರು ಮೇಲೆ ನಿಂತು ಮುಚ್ಚಳದಂತಾಗಿ, ಕೆಳಗಿನ ತಣ್ಣೀರು ಸುಲಭವಾಗಿ ಮೇಲೇಳದಂತೆ ತಡೆಯುತ್ತದೆ. ಅರಬ್ಬೀ ಸಮುದ್ರದ ಆಗ್ನೇಯ ಭಾಗವಾದರೋ ಮುಂಗಾರಿನ ಮುನ್ನ, ಮೇ ತಿಂಗಳಿನಲ್ಲಿ, 30 ಡಿಗ್ರಿಗೂ ಮೀರಿ ಕಾಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕಡಲಿನಲ್ಲಿಯೇ ಹುಟ್ಟಿ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಗೆ ಹಾನಿಮಾಡಿ, ಉತ್ತರಕ್ಕೆ ಸಾಗುತ್ತ ಉಗ್ರವಾಗಿ, ಮೇ 17ರಂದು ಗುಜರಾತಿನ ದಡವನ್ನು ಮುಟ್ಟಿತು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಿಂದ ಚೆನ್ನೈ, ಪೋರ್ಟ್ ಬ್ಲೇರ್, ಕೊಲ್ಕತ್ತಗಳ ನಡುವೆ ಸಂಚರಿಸುವ ಹಡಗುಗಳಿಂದ ಬಳಸಿ ಬಿಡುವ ಬ್ಯಾತಿಥರ್ಮೋಗ್ರಾಫುಗಳನ್ನು ಇಳಿಸಿ ಆಳದ ಉಷ್ಣತೆಯನ್ನು ದಾಖಲಿಸಿದ್ದಾರೆ. ಮೀನುಗಾರನ ದೋಣಿ ನೀರಿಗಿಳಿಯಬೇಕೆ, ದಡದಲ್ಲಿಯೇ ಉಳಿಯಬೇಕೆ ಎಂಬ ನಿರ್ಧಾರದ ಹಿಂದೆ ಇಂತಹ ಅಳತೆಗಳ ಪಾಲೂ ಇದೆ.

ಅಳತೆ ಎಷ್ಟು ಮುಖ್ಯವೋ ಅಳತೆಯ ಕೋಲನ್ನು ಸಂಶಯಿಸುವುದೂ ಅಷ್ಟೇ ಮುಖ್ಯ. ಹಡಗಿನಿಂದ ಇಳಿಸುವ ಬ್ಯಾತಿಥರ್ಮೋಗ್ರಾಫಿನಲ್ಲಿ ಆಳವನ್ನು ನೇರವಾಗಿ ಅಳೆಯುವ ಸಾಧನವಿಲ್ಲ. ಬೀಳುವ ವೇಗ ಗೊತ್ತಿದೆಯೆಂದು ನಂಬಿ, ಕಳೆದ ಕಾಲದಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಆ ನಂಬಿಕೆಯಲ್ಲಿಯೇ ಸ್ವಲ್ಪ ತಪ್ಪಿತ್ತು. ಸಾಮಾನ್ಯವಾಗಿ ಬಳಕೆಯಲ್ಲಿದ್ದ ಕೆಲವು ಬಗೆಯ ಶಲಾಕೆಗಳು ಹಳೆಯ ಸೂತ್ರ ಹೇಳುವುದಕ್ಕಿಂತ ಶೇಕಡಾ 3ಕ್ಕೂ ಹೆಚ್ಚು ಆಳಕ್ಕೆ ಇಳಿಯುತ್ತವೆಂದು 1995ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ತಯಾರಾದ ಕಾಲಕ್ಕೆ ತಕ್ಕಂತೆ ಈ ದೋಷ ಬೇರೆಬೇರೆಯಾಗಿದೆಯೆಂದೂ ಉಷ್ಣತೆಯ ಅಂಕಿಗಳೇ ತುಸು ಹೆಚ್ಚು ತೋರಿಸುತ್ತವೆಯೆಂದೂ 2007ರಲ್ಲಿ ಬೇರೆ ವಿಜ್ಞಾನಿಗಳು ಕಂಡುಕೊಂಡರು. 1970ರ ದಶಕದಲ್ಲಿ ಸಮುದ್ರ ಇದ್ದಕ್ಕಿದ್ದಂತೆ ಬಿಸಿಯಾಗಿ ಮತ್ತೆ ತಣ್ಣಗಾದಂತೆ ದಾಖಲೆಗಳಲ್ಲಿ ಕಾಣುತ್ತಿದ್ದ ಉಬ್ಬು ಬಹುಮಟ್ಟಿಗೆ ಉಪಕರಣದ ದೋಷವೇ ಆಗಿತ್ತು. ಹಳೆಯ ಅಂಕಿಗಳನ್ನೆಲ್ಲ ಮತ್ತೆ ತೆಗೆದು, ತಾಳೆ ನೋಡಿ, ತಿದ್ದಲಾಯಿತು. ಉಬ್ಬು ಕರಗಿದ ಮೇಲೂ ಸಮುದ್ರ ದಶಕದಿಂದ ದಶಕಕ್ಕೆ ಬಿಸಿಯಾಗುತ್ತಿದೆಯೆಂಬ ಸತ್ಯ ಉಳಿಯಿತು. ತಿದ್ದುಪಡಿಯಿಂದ ಅದು ಇನ್ನಷ್ಟು ಗಟ್ಟಿಯಾಯಿತು. ಲೆಕ್ಕ ತಪ್ಪಿದಾಗ ಪುಟವನ್ನು ಹರಿಯದೆ, ಕೆಳಗೆ ಸರಿಯಾದ ಲೆಕ್ಕವನ್ನು ಬರೆಯುವ ವಿದ್ಯಾರ್ಥಿಯ ಪ್ರಾಮಾಣಿಕತೆಯೇ ವಿಜ್ಞಾನದ ಬೆನ್ನೆಲುಬು.

ಬಳಸಿ ಬಿಟ್ಟ ಉಪಕರಣ ಕಡಲಿನ ತಳದಲ್ಲಿಯೇ ಉಳಿಯುತ್ತದೆಂಬುದು ನಿಜ. ಲೋಹ, ಪ್ಲಾಸ್ಟಿಕ್, ತಾಮ್ರದ ತಂತಿ ಇವುಗಳ ಋಣ ಸಮುದ್ರದ ಮೇಲೆ ಬೀಳುತ್ತದೆ. ಆದಕಾರಣ ಮತ್ತೆ ಮತ್ತೆ ಅಳೆಯಬಲ್ಲ ಸಾಧನಗಳಿಗೂ ವಿಜ್ಞಾನಿಗಳು ಶ್ರಮಿಸಿದ್ದಾರೆ. ಈ ಶತಮಾನದ ಆರಂಭದಿಂದ ಲೋಕದ ಕಡಲುಗಳಲ್ಲಿ ಹರಡಿಕೊಂಡ ಆರ್ಗೋ ಎಂಬ ತೇಲುಯಂತ್ರಗಳು ಸುಮಾರು ನಾಲ್ಕು ಸಾವಿರದಷ್ಟಿವೆ. ಹತ್ತು ದಿನಗಳಿಗೊಮ್ಮೆ ಅವು 2000 ಮೀಟರಿನ ಆಳದಿಂದ ಮೇಲೆದ್ದು ಬಂದು ತಾವು ಕಂಡದ್ದನ್ನು ಉಪಗ್ರಹಕ್ಕೆ ಒಪ್ಪಿಸಿ ಮತ್ತೆ ಮುಳುಗುತ್ತವೆ. ಆದರೆ ಅವು ಪ್ರವಾಹ ಒಯ್ದ ಕಡೆ ಹೋಗುತ್ತವೆ. ಇಂದು ಸಂಜೆ, ಈ ಬಿರುಗಾಳಿಯ ಹಾದಿಯಲ್ಲಿ, ಇದೇ ಜಾಗದ ಆಳವನ್ನು ತಿಳಿಯಬೇಕೆಂದರೆ ವಿಮಾನದ ಕೊಳವೆಗೆ ಸಮನಾದದ್ದಿಲ್ಲ. ಬೆಂದ ಅನ್ನವನ್ನು ಪರೀಕ್ಷಿಸಲು ಒಂದು ಅಗುಳು ಸಾಕು. ಕಡಲು ಅಷ್ಟು ಸರಳವಾದ ಪಾತ್ರೆಯಲ್ಲ. ಅಲ್ಲಿ ಎಷ್ಟು ಅಗುಳು ಮುಟ್ಟಿದರೂ ಕಡಮೆಯೇ.

ನೀರಿಗೆ ಬಿದ್ದ ಒಂದು ಕೊಳವೆ ಕೆಲವು ನಿಮಿಷ ಮಾತನಾಡಿ ಮೌನವಾಗುತ್ತದೆ. ಅದು ಹೇಳುವುದು ಒಂದೇ ಒಂದು ಜಾಗದ, ಒಂದೇ ಒಂದು ಹೊತ್ತಿನ ಸಂಗತಿ. ಅಂತಹ ಸಾವಿರಾರು ಸಣ್ಣ ಮಾತುಗಳನ್ನು ತಾಳ್ಮೆಯಿಂದ ಕೇಳಿ, ತಪ್ಪಿದ್ದಲ್ಲಿ ತಿದ್ದಿ, ಒಟ್ಟುಗೂಡಿಸಿದಾಗ ಬಿರುಗಾಳಿ ಬರುವ ಮುನ್ನವೇ ಒಂದು ಊರನ್ನು ಎಚ್ಚರಿಸಬಹುದು. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತು ಜ್ಞಾನಕ್ಕೂ ಒಪ್ಪುತ್ತದೆ. ಮೇಲ್ಮೈಯನ್ನು ನೋಡಿ ತೃಪ್ತನಾಗುವವನಿಗೆ ಕಡಲು ಯಾವಾಗಲೂ ಒಂದೇ ನೀಲಿ ಬಯಲು. ಒಂದು ಮೀಟರ್ ಕೆಳಗೆ ಏನಿದೆ, ನೂರು ಮೀಟರ್ ಕೆಳಗೆ ಏನಿದೆ ಎಂದು ಕೇಳಿದವನಿಗೆ ಮಾತ್ರ ಅದು ತನ್ನ ಒಳಗನ್ನು ಸ್ವಲ್ಪ ಸ್ವಲ್ಪವಾಗಿ ತೆರೆದು ತೋರಿಸುತ್ತದೆ.